ಸ್ಮರಣ ಸಂಚಿಕೆಗೆ ಎರಡು ಪುಟ

ಎರಡು ಪುಟ ಸಾಕು ಮೇಡಂ, ಎಂದರು ಕಾರ್ಯದರ್ಶಿ,
ಜಾಹೀರಾತಿನವರು ದುಡ್ಡು ಕೊಟ್ಟಾಗಿದೆ, ಜಾಗ ಕಡಿಮೆ.
ನಿಮ್ಮಷ್ಟು ಹಳಬರು ಇನ್ನು ಯಾರುಂಟು ಹೇಳಿ,
ವಕೀಲರ ಸಂಘದ ಚರಿತ್ರೆ ನೀವೇ ಬರೆಯಬೇಕು.

ಕಪಾಟಿನ ಕೀಲಿಕೈ ಅಟೆಂಡರ್ ಕೊರಗಪ್ಪನ ಸೊಂಟದಲ್ಲಿ.
ತೆರೆದರೆ ಮೊದಲು ಜಿರಲೆ, ಆಮೇಲೆ ಕರ್ಪೂರದ ವಾಸನೆ,
ಆಮೇಲೆ ಕೆಂಪು ಬೈಂಡಿನ ಪುಸ್ತಕ,
ಮಡಿಲಲ್ಲಿಟ್ಟರೆ ವರ್ಷದ ಕೂಸಿನಷ್ಟು ಭಾರ.

ಮೊದಲ ಹಾಳೆಗಳಲ್ಲಿ ಎಲ್ಲರೂ ಒಂದೇ ಅಲ್ಲ.
ಬ್ಯಾರಿಸ್ಟರಿಗೆ ಬೇರೆ ಕಾಲಂ, ವಕೀಲರಿಗೆ ಬೇರೆ,
ಪ್ಲೀಡರುಗಳು ಕೆಳಗೆ, ಸಣ್ಣ ಅಕ್ಷರದಲ್ಲಿ,
ಊಟದ ಪಂಕ್ತಿಯ ಹಾಗೆ.
ಸನದು ಬರಬೇಕು ಮದರಾಸಿನಿಂದ.
ರೈಲಿನಲ್ಲಿ ಹೋಗಿ ಬಿಳಿ ಬ್ಯಾಂಡು ಕಟ್ಟಿಸಿಕೊಂಡು ಬಂದವರೊಬ್ಬರು
ಒಂದು ವಾರ ಮೀನು ಮಾರ್ಕೆಟಿಗೂ ಅದರಲ್ಲೇ ಹೋದರಂತೆ.

ಐವತ್ತಾರನೇ ಇಸವಿ. ಏಳು ಹೆಸರುಗಳ ಮೇಲೆ ಗೆರೆ.
ಸತ್ತವರಿಗೆ ಕೆಂಪು ಶಾಯಿ; ಇದು ನೀಲಿ.
ಕಾಸರಗೋಡಿನವರು. ಬೆಳಗಿನ ಗಾಡಿಗೆ ಬಂದು
ಸಂಜೆ ಗಾಡಿಗೆ ಹಿಂದೆ ಹೋಗುತ್ತಿದ್ದವರು.
ಅನಂತಯ್ಯ ಕಕ್ಕಿಲ್ಲಾಯರ ಎದುರು "ಎರ್ನಾಕುಳಂ" ಎಂದಷ್ಟೇ ಉಂಟು.
ಅವರ ಕೊಡೆ ನಾನು ಬರುವಾಗಲೂ ಮೂಲೆಯಲ್ಲಿ ನೇತಾಡುತ್ತಿತ್ತು.
ಅದು ಯಾವ ರಾಜ್ಯಕ್ಕೆ ಸೇರಿದ್ದೆಂದು
ಯಾರೂ ಠರಾವು ಮಾಡಿರಲಿಲ್ಲ.

ಮತ್ತೆ ಹೊಸ ಕಾನೂನು. ಕಾಲಂಗಳು ಹೋದವು, ಎಲ್ಲರೂ ಅಡ್ವೊಕೇಟು.
ಅಸಲು ಪಟ್ಟಿ ಘಟ್ಟ ಹತ್ತಿ ಬೆಂಗಳೂರಿನ ಪರಿಷತ್ತಿಗೆ;
ಇಲ್ಲಿ ಉಳಿದದ್ದು ನಕಲು.
ಚುನಾವಣೆ ಬಂದರೆ ಅಭ್ಯರ್ಥಿಗಳು ಘಟ್ಟ ಇಳಿದು ಬರುತ್ತಿದ್ದರು,
ಬಂಗುಡೆ ಸಾರಿನೆದುರು ಬೆವರುತ್ತ
ಮೊದಲ ಪ್ರಾಶಸ್ತ್ಯದ ಮತ ಕೇಳುತ್ತಿದ್ದರು.

ಎಪ್ಪತ್ತೊಂದರಲ್ಲಿ ನಾನು. ಅಚ್ಚಾದ "ಶ್ರೀ" ಹೊಡೆದು
ಮೇಲೆ "ಕುಮಾರಿ" ಎಂದು ತುರುಕಿದ್ದಾರೆ: ಹಿಲ್ಡಾ ಸಲ್ಡಾನ್ಹ.
"ಮಹಿಳಾ ಸದಸ್ಯರಿಗೆ ಪ್ರತ್ಯೇಕ ಕುರ್ಚಿ: ಮುಂದೂಡಲಾಯಿತು."
ನಾಲ್ಕು ತಿಂಗಳು ಲೈಬ್ರರಿ ಏಣಿಯ ಮೇಲೆ ಕೂತೆ.
ಕೊನೆಗೆ ನನ್ನ ಸೀನಿಯರ್ ದೂಮಪ್ಪ ಶೆಟ್ಟರು
ಮನೆಯಿಂದಲೇ ಒಂದು ಬೆತ್ತದ ಕುರ್ಚಿ ಆಳಿನ ತಲೆಯಲ್ಲಿ ಹೊರಿಸಿ ತಂದರು.
ಇವತ್ತಿಗೂ ಅದರಲ್ಲೇ ಕೂರುವುದು ನಾನು.

ಭೂನ್ಯಾಯ ಮಂಡಳಿಗೆ ವಕೀಲರು ಬರಕೂಡದು ಎಂದಾಯಿತಲ್ಲ,
ಆ ವರ್ಷ ವಂತಿಗೆ ಕಟ್ಟಿದವರು ಒಂಬತ್ತು ಜನ.
ಮೂಲಗೇಣಿ ಚಾಲಗೇಣಿ ಎಂದು ನಾಲಿಗೆ ಸವೆಸಿದವರು ಕೇರಂ ಆಡಿದರು.
ಹೊರಗೆ ಮುದ್ದು ಮೂಲ್ಯೆದಿ, ಕರಿಕೋಟಿನ ಹಂಗಿಲ್ಲದೆ,
ತಾನೇ ಮಾತಾಡಿ ಗದ್ದೆ ಗೆದ್ದು ಬಂದಳು.
ಇದನ್ನೂ ಬರೆದೆ.

ನೂರಹನ್ನೆರಡನೇ ಪುಟದಲ್ಲಿ ಮಡಚಿಟ್ಟ ಕಾಗದ,
ಹೆಬ್ಬೆಟ್ಟಿನ ಗುರುತು:
ಕಾವೂರು ಕಲ್ಯಾಣಿ ಪೂಜಾರ್ತಿ. ಪಾಲಿನ ದಾವೆ.
"ನನ್ನ ವಕೀಲರು ನನ್ನಿಂದಲೂ ತೆಗೊಂಡಿದ್ದಾರೆ,
ಅಣ್ಣನಿಂದಲೂ ತೆಗೊಂಡಿದ್ದಾರೆ.
ನಾನು ಕೊಟ್ಟದ್ದು ಒಂದು ಜೊತೆ ಬಳೆ. ರಸೀದಿ ಇಲ್ಲ."
ವಕೀಲರ ಹೆಸರು: ದೂಮಪ್ಪ ಶೆಟ್ಟಿ.
ಅದರಡಿ ಸಂಘದ ಷರಾ:
"ವಿಚಾರಿಸಲಾಯಿತು. ಸದಸ್ಯರು ಸಂಭಾವಿತರು.
ಪರಿಷತ್ತಿಗೆ ಕಳುಹಿಸುವ ಅಗತ್ಯ ಕಾಣಲಿಲ್ಲ."

ದುಂಡು ಅಕ್ಷರ. "ಳ"ದ ಬಾಲ ಸ್ವಲ್ಪ ಉದ್ದ.
ಆ ವರ್ಷ ಜೊತೆ ಕಾರ್ಯದರ್ಶಿ ನಾನು.
ಬರೆದದ್ದು ನೆನಪಿಲ್ಲ. ಕಲ್ಯಾಣಿಯ ಮುಖ ನೆನಪಿಲ್ಲ.
ಅಕ್ಷರ ಮಾತ್ರ ನನ್ನದೇ.

ಬೆತ್ತ ಕಿರುಗುಟ್ಟಿತು. ಕೊರಗಪ್ಪ ಚಹಾ ತಂದಿಟ್ಟ,
ಅದು ಕೆನೆಗಟ್ಟಿತು.

ಎರಡು ಪುಟ ಮುಗಿದಿತ್ತು, ಸನದು, ಕೊಡೆ, ಕೇರಂ ಎಲ್ಲ ಸೇರಿ.
ಕಾರ್ಯದರ್ಶಿಯನ್ನು ಕರೆದು ಕೇಳಿದೆ:
ಕಾಲು ಪುಟ ಜಾಹೀರಾತಿಗೆ ಎಷ್ಟು?
ನಿಮಗೆಂಥ ಜಾಹೀರಾತು ಮೇಡಂ, ಎಂದು ನಕ್ಕರು.
ಎರಡು ಸಾವಿರ ಎಣಿಸಿ ಇಟ್ಟೆ,
ಆ ಕಾಗದವನ್ನೂ ಷರಾವನ್ನೂ ಇದ್ದ ಹಾಗೇ ಹಾಕಿ ಎಂದೆ.

ಅವರು ಓದಿದರು. ಬಾಗಿಲು ನೋಡಿದರು. ಮತ್ತೆ ಓದಿದರು.
ಯಾರ ಹೆಸರಲ್ಲಿ ಬರೆಯಲಿ, ಎಂದರು ಮೆಲ್ಲಗೆ.

ಕಲ್ಯಾಣಿ ಪೂಜಾರ್ತಿ, ಕಾವೂರು.
ರಸೀದಿ ಕೊಡಿ.