ಜೋಡಿ ಹೊಲಿಗೆ

ಡಾಕ್ಟರಮ್ಮ ಬಿಳಿ ಹಾಳೆಯ ಮೇಲೆ ನಮ್ಮ ಮನೆ ಬರೆದಳು.
ಗಂಡಿಗೆ ಚೌಕ, ಹೆಣ್ಣಿಗೆ ದುಂಡು,
ಸತ್ತವರ ಮೇಲೆ ಓರೆ ಗೀಟು.
ಅಕ್ಕ ತಿಮ್ಮಕ್ಕ ಒಂದು ದುಂಡು, ನಾನು ಅದರ ಪಕ್ಕದ ಚೌಕ,
ಕೆಳಗೆ ಅಕ್ಕನ ಮಗಳು ಸುಂಕಮ್ಮ, ನನ್ನ ಹೆಂಡತಿ.
ನಮ್ಮಿಬ್ಬರ ನಡುವೆ ಪೆನ್ನು ಒಂದು ಗೆರೆ ಎಳೆದು
ನಿಂತಿತು,
ಅದರ ಮಗ್ಗುಲಿಗೇ ಇನ್ನೊಂದು ಎಳೆಯಿತು.

ನಾನು ಕೌಲ್ ಬಜಾರಿನ ಪ್ಯಾಂಟ್ ಮಾಸ್ಟರ್.
ದಿನಾ ಜೀನ್ಸಿಗೆ ಜೋಡಿ ಹೊಲಿಗೆ ಹಾಕುವವನು,
ಒಂದು ಬಿಟ್ಟರೆ ಇನ್ನೊಂದು ಹಿಡಿಯಲಿ ಅಂತ.
ಇಲ್ಲಿ ಜೋಡಿ ಗೆರೆ ಇದ್ದಲ್ಲೇ ಬಿಚ್ಚಿಕೊಂಡಿತ್ತು.

"ರಕ್ತದಾಗ ಕಾವಲುಗಾರರು ಅದಾರೆ," ಅಂದಳು,
"ಕರೆದರೆ ಓಡಿ ಬರ್ತಾರೆ.
ಬಂದೂಕದಾಗ ಮದ್ದಿಲ್ಲ."

ಆಗ ತಿಳಿಯಿತು, ವನ್ನೂರನ ತೋಳಿಗೆ
ಹುಟ್ಟಿದ ವಾರ ಚುಚ್ಚಿದ ಸೂಜಿಯ ಗಾಯ
ವರ್ಷವಾದರೂ ಯಾಕೆ ಒಣಗಲಿಲ್ಲ,
ಕಂಕುಳಲ್ಲಿ ನೇರಳೆಹಣ್ಣಿನಂಥ ಗಡ್ಡೆ ಯಾಕೆ,
ಮೊದಲಿನವನು ಹನ್ನೊಂದು ತಿಂಗಳಿಗೇ ಯಾಕೆ.
ಅವನಿಗೆ ದೃಷ್ಟಿ ಅಂದಿದ್ದರು.
ಅವನ ತಾಯತ ಇನ್ನೂ ಮಿಷನ್ನಿನ ಡ್ರಾದಲ್ಲಿದೆ,
ಬಾಬಿನ್ನುಗಳ ಜೊತೆ.

ಬೇರೆ ಮನೆಯಾಗಿದ್ದರೆ ಇಷ್ಟೊತ್ತಿಗೆ
ಇದು ನಿಮ್ಮ ಕಡೆಯದು, ಅಲ್ಲ ನಿಮ್ಮ ಕಡೆಯದು ಅಂತ
ಜಗಳ ಬೀದಿಗೆ ಬಂದಿರುತ್ತಿತ್ತು.
ನಮಗೆ ಬೈಯಲು ಇನ್ನೊಂದು ಕಡೆಯೇ ಇಲ್ಲ.
ಅಕ್ಕ ಸೆರಗು ಕಚ್ಚಿಕೊಂಡು ಅಂದಳು,
"ಹುಡುಗಿ ಹೊರಗ ಹೋಗಬಾರದಂತ ಕೊಟ್ಟೆ."
ಹೋಗಲಿಲ್ಲಕ್ಕ.
ಏನೂ ಹೊರಗೆ ಹೋಗಲಿಲ್ಲ.

ಈಗ ದಿನಾ ಎರಡು ಔಷಧಿ, ತಪ್ಪಿಸುವಂತಿಲ್ಲ.
ಮಣ್ಣು ಬೇಡ, ತಿಪ್ಪೆ ಬೇಡ, ಬೂಷ್ಟು ಹಿಡಿದ ಗೋಡೆ ಬೇಡ.
ಮೊನ್ನೆ ಮಣ್ಣೆತ್ತಿನ ಅಮಾವಾಸ್ಯೆ.
ಓಣಿಯ ಹುಡುಗರೆಲ್ಲ ಎರೆಮಣ್ಣು ಕಲಸಿ
ಎತ್ತು ಮಾಡುತ್ತಿದ್ದರು, ಮೊಣಕೈ ತನಕ ಕೆಸರು.
ವನ್ನೂರ ಕಿಟಕಿಯ ಸರಳಿಗೆ ಮೂಗೊತ್ತಿ ನಿಂತಿದ್ದ.
ಅಳಲಿಲ್ಲ. ಅದೇ ಕಷ್ಟ.

ರಾತ್ರಿ ಕರೆಂಟು ಬಂದ ಮೇಲೆ
ಜೀನ್ಸಿನ ತುಂಡು ಆರಿಸಿ ಒಂದು ನೀಲಿ ಎತ್ತು ಹೊಲಿದೆ.
ಬಟನ್ನಿನ ಕಣ್ಣು, ಜಿಪ್ಪಿನ ಬಾಲ,
ಹೊಟ್ಟೆಯೊಳಗೆ ಸುಂಕಮ್ಮ ಎರಡು ಸಲ ಕುದಿಸಿ ಒಣಗಿಸಿದ ಚಿಂದಿ.
ಕೋಡು ಮಾತ್ರ ಒಂದು ಮೇಲೆ, ಒಂದು ಕೆಳಗೆ.

ಬೆಳಿಗ್ಗೆ ಅದರ ಬಾಯಿಗೆ
ಖಾಲಿ ಚಮಚ ಹಿಡಿದು ಕೂತಿದ್ದ.
"ಅಪ್ಪಾ, ಇದಕ್ಕೂ ಮಣ್ಣು ಆಗಂಗಿಲ್ಲೇನು?"
ಅಂಚು ಮುಟ್ಟಿ ನೋಡಿದೆ. ಜೋಡಿ ಹೊಲಿಗೆಯನ್ನೇ ಹಾಕಿದ್ದೆ.
ಈ ಕೈಗೆ ಬರುವುದು ಅದೊಂದೇ.