ಬಿಳಿ ಬಟ್ಟೆ

ರಾತ್ರಿ ಪಾಳಿ. ದೇವನಹಳ್ಳಿಯ ಚಳಿ.
ಎರಡು ಗಂಟೆಗೆ ಮೊಬೈಲಿಗೆ ಒಂದು ನಕ್ಷೆ ಬಂತು:
ಸಮುದ್ರದ ಮೇಲೆ, ಕೆಂಪು ಗೆರೆಯೊಳಗೆ,
ಮಗ್ಗುಲಾದ ಎಮ್ಮೆಯ ಹಾಗೆ ಬೂದಿಯ ಮೋಡ.
ಪೂರ್ವಕ್ಕೆಲ್ಲೋ ಒಂದು ಬೆಟ್ಟ ಬಾಯಿಬಿಟ್ಟಿದೆಯಂತೆ.
ಅದರ ಹೆಸರನ್ನು ನಮ್ಮಲ್ಲಿ ಮೂವರು
ಮೂರು ಥರ ಓದಿದರು.

ಹದಿನಾಲ್ಕು ವಿಮಾನ ನಿಂತಲ್ಲೇ ನಿಂತವು.
ಒಂದು ಮಾತ್ರ ಮೋಡದ ಅಂಚು ಸವರಿ ಬಂದಿಳಿದಿತ್ತು.
ಏಣಿ ಹತ್ತಿ ಬಿಳಿ ಬಟ್ಟೆಯಲ್ಲಿ
ರೆಕ್ಕೆಯ ಮುಂಗೋಟು ಒರೆಸುವುದು ನನ್ನ ಕೆಲಸ.
ಬಟ್ಟೆ ಮಾಸಿದರೆ ಫಾರಂನಲ್ಲಿ ‘ಇದೆ’,
ಮಾಸದಿದ್ದರೆ ‘ಇಲ್ಲ’.
‘ಇದೆ’ ಎಂದು ಬರೆದೆ.

ಟ್ರೈನಿಂಗ್‌ನಲ್ಲಿ ಹೇಳಿದ್ದರು:
ಇದು ಒಲೆಯ ಬೂದಿಯಲ್ಲ,
ಏನೋ ಉರಿದು ಉಳಿದದ್ದಲ್ಲ,
ಕಲ್ಲೇ ಸಿಡಿದು ನುಚ್ಚುನುಚ್ಚು ಗಾಜಾದದ್ದು.
ಎಂಜಿನ್ನಿನ ಕಾವಿಗೆ ಮತ್ತೆ ಕರಗಿ
ಬೆಲ್ಲದ ಪಾಕದಂತೆ ಅಲಗಿಗೆ ಮೆತ್ತಿ
ನಡುಗಾಳಿಯಲ್ಲಿ ಉಸಿರು ಕಟ್ಟಿಸುತ್ತದೆ.

ನನ್ನವ್ವ ಅಕ್ಕಯಮ್ಮ ನಂಬುವುದಿಲ್ಲ.
ಅವಳಿಗೆ ಬೂದಿಯಷ್ಟು ಸಾಧು ಇನ್ನೊಂದಿಲ್ಲ:
ಪಾತ್ರೆಗೆ ಬೂದಿ, ಹುಳ ಬೀಳದಂತೆ ಅವರೆಬೀಜಕ್ಕೆ ಬೂದಿ,
ಬಿದ್ದು ಬಂದ ನನ್ನ ಮೊಣಕಾಲಿಗೂ ಒಂದು ಚಿಟಿಕೆ ಬೂದಿ.

ಟೀ ಹೊತ್ತಿಗೆ, ಟರ್ಮಿನಲ್ಲಿನ ನೆಲದ ಮೇಲೆ
ಸೂರ್ಯಾತಿ ಕೂತಿದ್ದಳು, ಮಡಿಲಲ್ಲಿ ಮಗ ರಿಜ್ಕಿ.
ಎಂಟು ವರ್ಷ. ಎದೆಯ ನಡುವೆ ಉದ್ದ ಹೊಲಿಗೆ.
ಬೊಮ್ಮಸಂದ್ರದಲ್ಲಿ ಹೃದಯದ ತೂತು ಮುಚ್ಚಿಸಿಕೊಂಡು
ಊರಿಗೆ ಹೊರಟವರು.
ಬಾಯಿಬಿಟ್ಟ ಬೆಟ್ಟ ಅವರ ಹಿತ್ತಿಲಿಗೆ ಕಾಣುವ ಬೆಟ್ಟ.
ಗಂಡನ ಫೋನು ಸಿಗುತ್ತಿಲ್ಲ.

ಅವಳ ಇಂಗ್ಲಿಷು ಕುಂಟು, ನನ್ನದೂ ಕುಂಟು.
ಒಂದರ ಹೆಗಲಿಗೊಂದು ಕೈಹಾಕಿ ನಡೆದವು.

ಬೂದಿ ಬೀಳುವ ದಿನ ಹೆದರಿಕೆಯಿಲ್ಲ, ಅಂದಳು.
ಹಗಲಲ್ಲೇ ದೀಪ ಹಚ್ಚುತ್ತೇವೆ, ಮೂಗಿಗೆ ಒದ್ದೆ ಬಟ್ಟೆ.
ಹೆದರಿಕೆ ಮರುದಿನದ ಮಳೆಗೆ.
ನೆನೆದ ಬೂದಿ ಸಿಮೆಂಟು.
ಅತ್ತೆಯ ಮನೆಯ ಮಾಡು ಊಟದ ಹೊತ್ತಿಗೆ
‘ಕೂತುಕೊಂಡಿತು’.
ಹಾಗೇ ಅಂದಳು, ಅತಿಥಿಯ ಬಗ್ಗೆ ಅಂದಂತೆ.
ತಗ್ಗಿಗೆ ಇಳಿಯಬಾರದು, ಕೆಟ್ಟ ಗಾಳಿ ಅಲ್ಲಿ ಮಲಗಿರುತ್ತದೆ,
ಮೊದಲು ಮೇಕೆಗಳು ಉರುಳುತ್ತವೆ.
ಹೊಳೆಯ ದಡದಲ್ಲಿ ನಿಲ್ಲಬಾರದು.
ಆಗ ಹೊಳೆಯಲ್ಲಿ ನೀರು ಬರುವುದಿಲ್ಲ,
ಬೆಟ್ಟ ಬರುತ್ತದೆ.
ಮತ್ತೆ, ಕೆಲವು ವರ್ಷ ಕಳೆದರೆ ಅದೇ ಮಣ್ಣಲ್ಲಿ
ಇಷ್ಟುದ್ದ ಮೆಣಸಿನಕಾಯಿ. ನಕ್ಕಳು.

ನಿಮ್ಮ ಬೆಟ್ಟ ಹೇಗೆ, ಕೇಳಿದಳು.
ಗಾಜಿನಾಚೆ ನಂದಿ ನಸುಕಿನಲ್ಲಿ ಮೂಡುತ್ತಿತ್ತು.
ಅದೂ ಒಂದು ಕಾಲಕ್ಕೆ ಕುದಿದ ಕಲ್ಲೇ, ಅಂದೆ,
ಬಾಯಿಬಿಡದೆ ನೆಲದೊಳಗೇ ಆರಿದ್ದು.
ಒಳ್ಳೆಯ ಬೆಟ್ಟ, ಅಂದಳು.
ಉತ್ತರ ಹೊಳೆಯಲಿಲ್ಲ.
ಹುಡುಗ ಕೆಮ್ಮಿದ. ಇಬ್ಬರೂ ಅವನ ಎದೆ ನೋಡಿದೆವು.

ಬಟ್ಟೆಯನ್ನು ಚೀಲದಲ್ಲಿ ಸೀಲು ಮಾಡಬೇಕು, ರೂಲ್ಸು.
ಅದರ ಒಂದು ಮೂಲೆ ಹರಿದು ಮನೆಗೆ ಒಯ್ದೆ.
ಅವ್ವ ಎರಡು ಬೆರಳಲ್ಲಿ ಹೊಸೆದು ನೋಡಿದಳು,
ಹಿತ್ತಾಳೆ ಲೋಟಕ್ಕೆ ತಿಕ್ಕಿದಳು.
‘ಥೂ, ಇದು ಬೂದಿ ಅಲ್ಲ ಕಣೆ, ಕೊರೀತದೆ.’
ಲೋಟದ ಹೊಟ್ಟೆಗೆ ಬೆಕ್ಕು ಪರಚಿದಂತೆ ಗೀರು.
ಅದನ್ನು ನಲ್ಲಿಗೆ ಹಿಡಿದಳು, ಬೆಳಕಿಗೆ ಹಿಡಿದಳು,
ಆಮೇಲೆ ಕೇಳಿದಳು:
‘ಆ ಮಗೀಗೆ ಏನು ತಿನ್ನಾಕೆ ಕೊಟ್ರು?’

ನಾಲ್ಕನೇ ದಿನ ಆಕಾಶ ತೆರೆಯಿತು.
ಅವರ ವಿಮಾನಕ್ಕೆ ನಾನೇ ಏಣಿ ಹತ್ತಿದೆ,
ಬೇಕೆಂದೇ ಎರಡೆರಡು ಸಲ ಒರೆಸಿದೆ.
ಬಟ್ಟೆ ಬೆಳ್ಳಗೇ ಇತ್ತು.
‘ಇಲ್ಲ’ ಎಂದು ಬರೆದು ಸಹಿ ಹಾಕಿದೆ.
ಅಲ್ಲಿ ಅವರ ಮಾಡಿನ ಮೇಲೆ ಎಷ್ಟಿದೆ,
ಮಳೆ ಬಂತೋ ಹೇಗೆ,
ಕೇಳುವ ಕಾಲಮ್ಮು ಆ ಫಾರಂನಲ್ಲಿ ಇಲ್ಲ.