ಒಂದನೇ ಇಯತ್ತೆ, ಮೆನ್ಜ್

ಮೆಸ್ಕೆರೆಮ್ ತಿಂಗಳು. ಇಥಿಯೋಪಿಯಾದ ಈ ಎತ್ತರದ ಗುಡ್ಡದ ಮೈತುಂಬ ಹಳದಿ ಹೂ.
ಅರವತ್ತೆಂಟು ಮಕ್ಕಳು, ಒಂದು ಕರಿಹಲಗೆ,
ಕೂರಲು ಅವರವರೇ ಹೊತ್ತು ತಂದ ಕಲ್ಲು.
ನನಗೂ ಅದು ಮೊದಲ ವರ್ಷ. ಯಾರಿಗೂ ಹೇಳಲಿಲ್ಲ.

ಮೊದಲ ವಾರ ಅಕ್ಷರದ ಮಾತೇ ಇಲ್ಲ.
ಮೂಗು ಒರೆಸಿಕೊಳ್ಳುವುದು, ಸಾಲಾಗಿ ನಿಲ್ಲುವುದು,
ಉಚ್ಚೆ ಬಂದರೆ ಕೈಯೆತ್ತುವುದು.
ಕೈಯೆತ್ತಿ ಹೋದವರು
ಹಾಗೇ ಕುರಿಗಳ ಹಿಂದೆ ಹೊರಟುಹೋದರು.
ಮರುದಿನ ಬಂದರು, ಅರ್ಧ ಜನ,
ಕೈಯೆತ್ತಿಕೊಂಡೇ.

ಆಮೇಲೆ ಬರೆದೆ:
ಹ ಹು ಹಿ ಹಾ ಹೇ ಹ್ ಹೋ.
ಒಬ್ಬ ತಾಯಿಗೆ ಏಳು ಮಕ್ಕಳು, ನಮ್ಮ ಲಿಪಿಯಲ್ಲಿ.
ಮುಖ ಒಂದೇ, ಕೈಕಾಲು ಮಾತ್ರ ಬೇರೆ.
ತೂಗಾಡುತ್ತ ಕೂಗಿದರು, ತಗಡಿನ ಸೂರು ನಡುಗುವಂತೆ.
ಮೈಗೆ ಬಂತು ಮೊದಲು, ಬಾಯಿಗೆ ಆಮೇಲೆ,
ಕಣ್ಣಿಗೆ ಬರಲು ಒಂದು ಚಳಿಗಾಲ ಹಿಡಿಯಿತು.
ಕೂಗು ನಿಲ್ಲಿಸಿ, 'ಇದು ಯಾವುದು?' ಎಂದು
ಮೂರನೆಯದರ ಮೇಲೆ ಕೋಲಿಟ್ಟರೆ
ಮತ್ತೆ ಮೊದಲಿಂದ ಶುರು, ಪಿಸುದನಿಯಲ್ಲಿ.
ಹಗ್ಗ ಪೂರ್ತಿ ಎಳೆಯದೆ
ಬಾವಿಯಿಂದ ಕೊಡ ಮೇಲೆ ಬರುತ್ತದೆಯೇ?

ನಾಲ್ಕು ಜನಕ್ಕೆ ಒಂದು ಪುಸ್ತಕ.
ಯೆಶಿತ್ಲಾ ಯಾವಾಗಲೂ ಎದುರು ಕೂತವನು.
ಹಿದಾರ್ ತಿಂಗಳಲ್ಲೊಮ್ಮೆ ಪುಸ್ತಕ ನೆಟ್ಟಗೆ ಕೊಟ್ಟೆ.
ತಲೆ ಕೆರೆದುಕೊಂಡ.
ತಿರುಗಿಸಿದ, ತಲೆಕೆಳಗು ಮಾಡಿದ,
ಗಡಗಡ ಓದಿದ.
ತಪ್ಪು ಎನ್ನಲು ತೆರೆದ ಬಾಯಿ
ಹಾಗೇ ಮುಚ್ಚಿಕೊಂಡೆ.

ಜೆಮಾನೇಶಳ ಅಂಗೈಯಲ್ಲಿ ಏಳು ಕಾಳು, ಹುರಿದ ಜವೆಗೋಧಿ.
'ಎರಡು ಕಳೆದರೆ?' ಬಾಯಿಗೆ ಹಾಕಿಕೊಂಡಳು.
'ಐದು.'
'ಐದರಲ್ಲಿ ಐದು?' ಹಾಕಿಕೊಂಡಳು.
ಖಾಲಿ ಅಂಗೈ ಚಾಚಿ ಅಗಿಯುತ್ತ ಹೇಳಿದಳು,
'ಲೆಕ್ಕ ಮುಗೀತು ಟೀಚರ್.'
ಸೊನ್ನೆಯನ್ನು ಇದಕ್ಕಿಂತ ಚೆನ್ನಾಗಿ
ನನಗೆ ಕಲಿಸಿದವರಿಲ್ಲ.

ಅಸ್ನಾಕೆಚ್ ಮಾತೇ ಆಡಲಿಲ್ಲ.
ಕೇಳಿದರೆ ನೆಲ ನೋಡುವಳು, ತುಟಿ ಹೊಲಿದಂತೆ.
ಮೊದ್ದು, ಎಂದು ಬರೆದುಕೊಂಡೆ ಪೆನ್ಸಿಲಿನಲ್ಲಿ.
ತಿರ್ ತಿಂಗಳ ಸಂತೆಯಲ್ಲಿ ಅವಳಮ್ಮ ಸಿಕ್ಕಿದಳು,
ಉಣ್ಣೆಯ ಗಂಟು ಇಳಿಸಿ ನಕ್ಕಳು:
'ಮನೆಯಲ್ಲಿ ಕೋಳಿಗಳನ್ನು ಸಾಲಾಗಿ ಕೂರಿಸಿ
ಏಳೂ ಹೇಳಿಸುತ್ತಾಳೆ, ಕೋಲು ಹಿಡಿದು.
ಹೇಳದ ಕೋಳಿಗೆ ಬೈಗುಳ, ಥೇಟ್ ನಿಮ್ಮ ಹಾಗೆ.'
ಆ ರಾತ್ರಿ ಪೆನ್ಸಿಲಿನ ಗುರುತು ಅಳಿಸಿದೆ.
ಪೂರ್ತಿ ಅಳಿಯಲಿಲ್ಲ.

ಮೇಲಿನಿಂದ ಬಂದವರು ಕೇಳಿದರು:
ಓದಲು ಬರುವವರು ಶೇಕಡಾ ಎಷ್ಟು?
ತಲೆಕೆಳಗು ಓದುವವನು ಯಾವ ಕಾಲಂ?
ಕೋಳಿಗಳನ್ನು ಸೇರಿಸಬಹುದೇ?
ಕೇಳಲಿಲ್ಲ. ಏನೋ ಒಂದು ಅಂಕಿ ಬರೆದೆ.

ಇನ್ನು ಮೆಕುರಿಯಾ.
ಹುಟ್ಟಿನಿಂದಲೇ ಎಡಗಾಲು ಗಿಡ್ಡ.
ದಿನವೂ ಕೊನೆಗೆ ಬಂದು
ಬಾಗಿಲ ಬಳಿಯ ಕಲ್ಲಿನ ಮೇಲೆ ಕೂರುವನು.
ಅಂದು ಹೊಸ ಸಾಲು: ಬೆ ಬು ಬಿ.
ಬೆ ಎಂದರೆ ಎರಡು ಕಾಲು, ಮೇಲೊಂದು ತೊಲೆ, ಬಾಗಿಲಿನ ಹಾಗೆ.
ಬು ಪಕ್ಕಕ್ಕೆ ಕೈ ಚಾಚಿತು, ಬಿ ಕೆಳಗೆ ಪಾದ ಇಟ್ಟಿತು.
ನಾಲ್ಕನೆಯದನ್ನು ಬರೆಯುವಾಗ ಎಡಗಾಲನ್ನು ಮೊಟಕು ಮಾಡಿದೆ,
ಹಾಗೇ ಅಲ್ಲವೇ ಅದನ್ನು ಬರೆಯುವುದು.
ಹಿಂದಿನಿಂದ ಕಲ್ಲು ಉರುಳಿದ ಸದ್ದು.
ಮೆಕುರಿಯಾ ಎದ್ದು ನಿಂತಿದ್ದ,
ಹಲಗೆ ನೋಡಿದ, ತನ್ನ ಕಾಲು ನೋಡಿಕೊಂಡ.
'ಟೀಚರ್, ಅದು ಬೀಳೋದಿಲ್ವಾ?'
'ಇಲ್ಲ.'
'ಯಾವತ್ತೂ?'
'ನಮ್ಮಜ್ಜನ ಅಜ್ಜನ ಕಾಲದಿಂದ ನಿಂತಿದೆ.'

ಮೊದಲು ಅವನಿಗೆ ಬಂದ ಅಕ್ಷರ ಅದೇ.
ಬೂದಿಯಲ್ಲಿ, ಧೂಳಲ್ಲಿ, ತಮ್ಮನ ಬೆನ್ನ ಮೇಲೆ,
ನೀಲಗಿರಿ ಮರದ ಸುಲಿದ ತೊಗಟೆಯಲ್ಲಿ,
ಕೊನೆಗೆ ಶಾಲೆಯ ಬಾಗಿಲ ಒಳಗೋಡೆಯ ಮೇಲೆ ಇದ್ದಿಲಿನಿಂದ,
ಅವನಷ್ಟೇ ಎತ್ತರಕ್ಕೆ.
ಬೈಯಬೇಕಿತ್ತು. ಮರೆತೆ.

ಮಳೆಗಾಲ ಹೊರಗೋಡೆಯನ್ನು ತೊಳೆಯಿತು,
ಒಳಗಿನದನ್ನು ಮುಟ್ಟಲಿಲ್ಲ.
ಮತ್ತೆ ಹಳದಿ ಹೂ. ಹೊಸ ಮಕ್ಕಳು
ಕಲ್ಲು ಹೊತ್ತು ಹೊಸ್ತಿಲಲ್ಲಿ ನಿಂತಿದ್ದಾರೆ,
ಯಾರೂ ಕಾಲು ಮುಂದಿಡುವುದಿಲ್ಲ.
ಎರಡನೇ ಇಯತ್ತೆಯ ಮೆಕುರಿಯಾ
ಗೋಡೆಗೆ ಕೋಲು ತಾಗಿಸಿ
ದೊಡ್ಡವರ ಗಂಟಲಲ್ಲಿ ಕೂಗಿದ:
'ಬಾ!'

ಮಕ್ಕಳು ಸುಮ್ಮನಿದ್ದರು.
ಆಚೆ ಗುಡ್ಡದಿಂದ ಒಂದು ಕುರಿ
ಸರಿಯಾಗಿ ಉತ್ತರಿಸಿತು.